ಬುಧವಾರದ ಐಸ್ ನಮ್ಮ ಮಕ್ಕಳಿಗೆ ವಾಪಸ್ ಕೊಡಿ

ನಮ್ಮ ಊರಿನ ಆಡಳಿತ ಮಂಡಳಿಯಲ್ಲಿ ಕ್ರೀಡೆಯ ಜವಾಬ್ದಾರಿ ಹೊತ್ತಿರುವ ಮಾನ್ಯ ಸದಸ್ಯರಿಗೆ,

ನಮಸ್ಕಾರ. ಇದೇ ವಿಷಯವನ್ನು ನಿಮಗೆ ಜರ್ಮನ್‌ನಲ್ಲಿ ಮೂರು ಸಲ ಬರೆದಿದ್ದೇನೆ. ಮೂರಕ್ಕೂ ಸೇರಿ ಒಂದು ಉತ್ತರ ಬಂತು, ನಾಲ್ಕೇ ಸಾಲು. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜರ್ಮನ್‌ನಲ್ಲಿ ಬರೆಯುವಾಗ ಪ್ರತಿ ಸಾಲಿಗೂ ವ್ಯಾಕರಣ ಸರಿಯಿದೆಯಾ ಅಂತ ನೋಡುತ್ತಾ ಕೂರುತ್ತೇನೆ, ಅಷ್ಟರಲ್ಲಿ ಹೇಳಬೇಕಾದ ಮಾತೇ ಮೆತ್ತಗಾಗಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್, ಬಾಸೆಲ್, ಜ್ಯೂರಿಕ್ ಕಡೆ ಇರುವ ಕನ್ನಡದ ಅಪ್ಪ ಅಮ್ಮಂದಿರೂ ಇದನ್ನು ಓದಲಿ. ಜರ್ಮನ್ ಪ್ರತಿಯನ್ನು ನನ್ನ ಮಗನೇ ಸಿದ್ಧ ಮಾಡಿ ನಿಮ್ಮ ಕಚೇರಿಗೆ ತಂದು ಕೊಡುತ್ತಾನೆ.

ಕೇಳುವುದು ಒಂದೇ. ಬುಧವಾರ ಸಂಜೆ ಐದು ಗಂಟೆಯ ಐಸ್ ಸಮಯವನ್ನು, ಅಂದರೆ ನಮ್ಮ ಊರಿನ ರಿಂಕಿನಲ್ಲಿ ಐಸ್ ಹಾಕಿ ಅಭ್ಯಾಸ ಮಾಡುವ ಹೊತ್ತನ್ನು, ಎರಡನೇ ಗುಂಪಿನ ಮಕ್ಕಳಿಗೆ ವಾಪಸ್ ಕೊಡಿ.

ನಾನು ಹಾಸನದವಳು. ಈ ಊರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತೇನೆ, ವಾರಕ್ಕೆ ಎರಡು ರಾತ್ರಿ ಪಾಳಿ, ಅದರಲ್ಲಿ ಒಂದು ಶನಿವಾರ. ಬುಧವಾರದ ಬದಲಿಗೆ ನೀವು ಕೊಟ್ಟಿದ್ದು ಭಾನುವಾರ ಬೆಳಿಗ್ಗೆ ಆರೂಕಾಲು. ಅಂದರೆ ರಾತ್ರಿಯೆಲ್ಲಾ ನಿಂತು, ಐದೂವರೆಗೆ ಪಾಳಿ ಬಿಡಿಸಿಕೊಂಡು, ಮನೆಗೆ ಓಡಿ, ಮಗನನ್ನು ಎಬ್ಬಿಸಿ, ಅವನಷ್ಟೇ ಭಾರದ ಬ್ಯಾಗನ್ನು ಕಾರಿಗೆ ತುಂಬಿ, ಹಿಮ ಬಿದ್ದ ರಸ್ತೆಯಲ್ಲಿ ಕಣ್ಣು ಎಳೆಯುವಾಗ ಕಾರು ಓಡಿಸಬೇಕು. ಹೋದ ಚಳಿಗಾಲ ಪೂರ್ತಿ ಓಡಿಸಿದ್ದೇನೆ. ಜನವರಿಯಲ್ಲಿ ಒಂದು ದಿನ ತಿರುವಿನಲ್ಲಿ ನಿದ್ದೆ ಹತ್ತಿ ಕಾರು ರಸ್ತೆ ಬದಿಯ ಹಿಮದ ಗುಡ್ಡೆಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಗ "ಅಮ್ಮಾ, ನಾನು ಹಾಕಿ ಬಿಡ್ತೀನಿ" ಅಂದ. ಆ ಮಾತು ಇನ್ನೂ ಕಿವಿಯಲ್ಲಿದೆ. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು, ಯಾರೋ ಬೈದ ಹಾಗೆ ತಲೆ ತಗ್ಗಿಸಿಕೊಂಡು ಹೇಳಿದ.

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಫೆಬ್ರವರಿಯಲ್ಲಿ ನಡೆದದ್ದು. ಎಷ್ಟೋ ವಾರಗಳ ನಂತರ ಒಂದೇ ಒಂದು ಬುಧವಾರ ಮಕ್ಕಳಿಗೆ ಐಸ್ ಸಿಗುತ್ತದೆ ಎಂದು ನಿಮ್ಮ ಕಚೇರಿಯಿಂದಲೇ ತಿಳಿಸಿದ್ದರು. ಇಪ್ಪತ್ತೆರಡು ಮಕ್ಕಳು ಬಂದರು. ಪ್ಯಾಡ್ ಕಟ್ಟಿಕೊಂಡು, ಸ್ಕೇಟ್ ಹಾಕಿಕೊಂಡು ಹೊರಗೆ ಬಂದರೆ ಐಸ್ ಮೇಲೆ ಯಾವುದೋ ಕಂಪನಿಯ ಸಂಜೆ ಪಾರ್ಟಿ. ರಿಂಕಿನ ಸುತ್ತಲಿನ ಅಡ್ಡಗೋಡೆಯ (ಬೋರ್ಡ್) ಪಕ್ಕ ಮೇಜು ಹಾಕಿ ಬಿಸಿ ವೈನ್ ಹಂಚುತ್ತಿದ್ದರು. ಐಸ್ ನೋಡಿಕೊಳ್ಳುವವರಿಗೂ ಗೊತ್ತಿರಲಿಲ್ಲ ಪಾಪ, ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಕ್ಕಳು ರಬ್ಬರ್ ಹಾಸಿನ ಮೇಲೆ ಸಾಲಾಗಿ ಕೂತರು. ನಲವತ್ತು ನಿಮಿಷ. ನನ್ನ ಮಗ ಸ್ಕೇಟಿನ ಲೇಸ್ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಅವರ ಕೋಚ್ ಬೇಕರಿಯಲ್ಲಿ ಕೆಲಸ ಮಾಡುವ ಮನುಷ್ಯ. ಬೆಳಗಿನ ಜಾವ ಮೂರಕ್ಕೆ ಏಳುವವರು, ಒಂದು ಫ್ರಾಂಕ್ ತೆಗೆದುಕೊಳ್ಳದೆ ಕಲಿಸುತ್ತಾರೆ. ಅವರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಕೊನೆಗೆ ಮಕ್ಕಳೆಲ್ಲಾ ಬಟ್ಟೆ ಬದಲಿಸಿಕೊಂಡು ಮನೆಗೆ ಹೋದರು. ಇವತ್ತಿನವರೆಗೆ ಆ ಮಕ್ಕಳಿಗೆ ಯಾರೂ ಕ್ಷಮೆ ಕೇಳಿಲ್ಲ. ನೀವೂ ಕೇಳಿಲ್ಲ.

ಆಮೇಲೆ ನಡೆದ ಊರಿನ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದಾಗ ನೀವು ಕೊಟ್ಟ ಉತ್ತರ ನೆನಪಿದೆಯಾ? ಐಸ್ ಸಮಯ ಕಡಿಮೆ, ಕರೆಂಟ್ ಖರ್ಚು ಜಾಸ್ತಿ, ಹಾಗಾಗಿ "ಭವಿಷ್ಯ ಇರುವ ಗುಂಪಿಗೆ" ಮೊದಲು ಅಂದಿರಿ. ಖರ್ಚಿನ ಮಾತು ಒಪ್ಪುತ್ತೇನೆ. ಆದರೆ ಹದಿಮೂರು ವರ್ಷದ ಮಕ್ಕಳಲ್ಲಿ ಯಾರಿಗೆ ಭವಿಷ್ಯ ಇದೆ, ಯಾರಿಗಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?

ನಮ್ಮ ರಿಂಕಿನ ಗೋಡೆಯ ಮೇಲೆ ಸ್ವಿಸ್ ಐಸ್ ಹಾಕಿ ಆಟಗಾರ ಮಾರ್ಕ್ ಸ್ಟ್ರೈಟ್ ಅವರ ಫೋಟೋ ಇದೆ. ಅದರ ಕೆಳಗೆ ನಿಂತು ನೀವೂ ಫೋಟೋ ತೆಗೆಸಿಕೊಂಡಿದ್ದೀರಿ. ಅವರ ಕತೆಯನ್ನು ಒಮ್ಮೆ ಓದಿ ಸಾರ್.

ಅವರು ಹುಟ್ಟಿದ್ದು ಬರ್ನ್ ಪಕ್ಕದ ಎಂಗ್ಲಿಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ, 1977ರ ಡಿಸೆಂಬರ್ 11ರಂದು. ಫ್ರಿಬೂರ್‌ನಲ್ಲಿ ಆಡಿದರು, ದಾವೋಸ್‌ನಲ್ಲಿ ಆಡಿದರು. ಹದಿನೆಂಟು ವಯಸ್ಸಾದಾಗ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಯಾವ ತಂಡವೂ ಅವರನ್ನು ಆರಿಸಲಿಲ್ಲ. 1999ರಲ್ಲಿ ತಾವೇ ಹೊರಟು ಅಮೆರಿಕಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಕೆಳಗಿನ ಲೀಗುಗಳು. ಫ್ಲೋರಿಡಾದ ಟಲಹಾಸಿ, ಆಮೇಲೆ ಸ್ಪ್ರಿಂಗ್‌ಫೀಲ್ಡ್, ನಡುವೆ ಯೂಟಾ, ಒಂದೇ ಚಳಿಗಾಲದಲ್ಲಿ ಮೂರು ಊರು, ಮೂರು ಜರ್ಸಿ. ದೊಡ್ಡ ಲೀಗಿನ ಬಾಗಿಲು ತೆರೆಯಲಿಲ್ಲ. ವಾಪಸ್ ಬಂದರು. ನೀವು ಆವಾಗ ಅಧಿಕಾರದಲ್ಲಿದ್ದಿದ್ದರೆ ಇವರಿಗೂ ಭವಿಷ್ಯ ಇಲ್ಲ ಅಂತ ಬರೆದುಬಿಡುತ್ತಿದ್ದಿರಿ.

ಅವರು ಸುಮ್ನೆ ಕೂರಲಿಲ್ಲ. ಜ್ಯೂರಿಕ್‌ನ ಝಡ್‌ಎಸ್‌ಸಿ ಲಯನ್ಸ್ ಸೇರಿದರು, 2001ರಲ್ಲಿ ಸ್ವಿಸ್ ಚಾಂಪಿಯನ್ ಆದರು, ತಂಡದ ಕ್ಯಾಪ್ಟನ್ ಆದರು. 2004ರಲ್ಲಿ ಮಾಂಟ್ರಿಯಲ್ ತಂಡ ಅವರನ್ನು ಆರಿಸಿಕೊಂಡಾಗ ವಯಸ್ಸು 26. ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟ್ ಅದು. ಒಂಬತ್ತನೇ ಸುತ್ತು, 262ನೇ ಹೆಸರು. ಆ ವರ್ಷ ಇದ್ದದ್ದೇ ಒಂಬತ್ತು ಸುತ್ತು. ಮರುವರ್ಷದಿಂದ ಅದನ್ನು ಏಳು ಸುತ್ತಿಗೆ ಇಳಿಸಿದರು. ಈಗ 32 ತಂಡಗಳಿದ್ದರೂ ಏಳು ಸುತ್ತಿಗೆ ಲೆಕ್ಕ ಹಾಕಿದರೆ 224 ಹೆಸರು, ಅಷ್ಟೇ. ಒಂದು ವರ್ಷ ತಡವಾಗಿದ್ದರೆ ಅವರ ನಂಬರ್ ಕರೆಯುವ ಸುತ್ತೇ ಇರುತ್ತಿರಲಿಲ್ಲ.

27ನೇ ವಯಸ್ಸಿಗೆ ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ. ಡಿಫೆನ್ಸ್ ಆಟಗಾರನನ್ನು ಮಾಂಟ್ರಿಯಲ್‌ನಲ್ಲಿ ಎಷ್ಟೋ ಸಲ ಫಾರ್ವರ್ಡ್ ಜಾಗದಲ್ಲಿ ಆಡಿಸಿದರು, ಅದನ್ನೂ ಆಡಿದರು. 2007-08ರಲ್ಲಿ ಗೋಲು, ಗೋಲಿಗೆ ಕೊಟ್ಟ ನೆರವು ಎಲ್ಲಾ ಸೇರಿ 62 ಪಾಯಿಂಟ್ ಗಳಿಸಿದರು. ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಹೋದರು. 2010ರಲ್ಲಿ ಭುಜಕ್ಕೆ ಪೆಟ್ಟಾಗಿ ಇಡೀ ಒಂದು ಸೀಸನ್ ಹೊರಗೆ ಕೂರಬೇಕಾಯಿತು, ಮೂವತ್ತು ದಾಟಿದ ಆಟಗಾರನಿಗೆ ಅದು ಎಂಥ ಪೆಟ್ಟು ಅಂತ ಯೋಚಿಸಿ. ವಾಪಸ್ ಬಂದ ಮೇಲೆ, 2011ರಲ್ಲಿ, ಅದೇ ತಂಡ ಅವರನ್ನು ಕ್ಯಾಪ್ಟನ್ ಮಾಡಿತು. ಎನ್‌ಎಚ್‌ಎಲ್ ತಂಡವೊಂದಕ್ಕೆ ಮೊದಲ ಸ್ವಿಸ್ ಕ್ಯಾಪ್ಟನ್. ಆಮೇಲೆ ಫಿಲಡೆಲ್ಫಿಯಾ. 2017ರ ಮಾರ್ಚ್‌ನಲ್ಲಿ ಒಂದೇ ದಿನ ಟ್ಯಾಂಪಾ ತಂಡಕ್ಕೆ ಕೊಟ್ಟು, ಅಲ್ಲಿಂದ ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಜೂನ್‌ನಲ್ಲಿ ಆ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಕೈಯಲ್ಲಿ. ಆಗ ವಯಸ್ಸು 39. ಒಟ್ಟು 786 ಪಂದ್ಯ ಆಡಿದರು.

ಈ ಕತೆಯನ್ನು ನನಗೆ ಹೇಳಿದ್ದು ಮಗ. ಅವನಿಗೆ ಇದು ಬಾಯಿಪಾಠ. ಅವನು ಹುಟ್ಟಿದ್ದು ನವೆಂಬರ್‌ನಲ್ಲಿ, ಸ್ಟ್ರೈಟ್ ಡಿಸೆಂಬರ್‌ನಲ್ಲಿ. ಇಲ್ಲಿ ಮಕ್ಕಳ ಗುಂಪನ್ನು ಹುಟ್ಟಿದ ವರ್ಷ ನೋಡಿ ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಜನವರಿಯಲ್ಲಿ ಹುಟ್ಟಿದ ಹುಡುಗ ಮತ್ತು ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹತ್ತು ಹನ್ನೊಂದು ತಿಂಗಳ ವ್ಯತ್ಯಾಸ ಆ ವಯಸ್ಸಿಗೆ ಒಂದು ಗೇಣು ಎತ್ತರ, ಅಲ್ವಾ? ನಮ್ಮ ಎರಡನೇ ಗುಂಪಿಗೆ ಒಂದು ಸಲ ಬನ್ನಿ, ಮಕ್ಕಳ ಹುಟ್ಟಿದ ತಿಂಗಳು ಕೇಳಿ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಅನ್ನುವವರೇ ಜಾಸ್ತಿ.

ಸ್ಟ್ರೈಟ್ ಕಪ್ ಎತ್ತಿದ ಅದೇ 2017ರ ಜೂನ್‌ನಲ್ಲಿ ನಿಕೋ ಹಿಶಿಯರ್ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು, 18ನೇ ವಯಸ್ಸಿಗೆ. ವಾಲಿಸ್‌ನ ನಾಟರ್ಸ್‌ನ ಹುಡುಗ, ಹುಟ್ಟಿದ್ದು ಜನವರಿ 4. ಅವರ ಮೇಲೆ ನನಗೂ ಹೆಮ್ಮೆ ಇದೆ. ಆದರೆ ಒಬ್ಬರು 1, ಇನ್ನೊಬ್ಬರು 262. ಈ ದೇಶಕ್ಕೆ ಇಬ್ಬರೂ ಬೇಕಾಗಿದ್ದರು. ಬುರ್ಗ್‌ಡೋರ್ಫ್‌ನ ಗೋಲ್‌ಕೀಪರ್ ಮಾರ್ಟಿನ್ ಗೆರ್ಬರ್ ಕೂಡ ಹಾಗೇ, 2001ರಲ್ಲಿ ಆಯ್ಕೆಯಾದಾಗ 26 ವರ್ಷ, 232ನೇ ಹೆಸರು, 2006ರಲ್ಲಿ ಕ್ಯಾರೊಲೈನಾ ತಂಡದ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದರು. ಸ್ಟ್ರೈಟ್, ಗೆರ್ಬರ್ ಇಬ್ಬರೂ ಬರ್ನ್ ಕ್ಯಾಂಟನ್‌ನವರು (ಕ್ಯಾಂಟನ್ ಅಂದರೆ ಇಲ್ಲಿಯ ರಾಜ್ಯ). ನಮ್ಮ ಪಕ್ಕದ ಮನೆಯವರಿದ್ದ ಹಾಗೆ!

ನನ್ನ ಮಗ ಎನ್‌ಎಚ್‌ಎಲ್‌ಗೆ ಹೋಗಲಿ ಅಂತ ನಾನು ಕೇಳುತ್ತಿಲ್ಲ. ಅವನು ಹೋಗಲಾರ, ಬಹುಶಃ ಅವನಿಗೂ ಗೊತ್ತು. ಹಾಸನದಲ್ಲಿ ಐಸ್ ಅಂದರೆ ಕ್ಯಾಂಡಿ ಅಂತ ಬೆಳೆದವಳು ನಾನು. ಈ ಆಟದ ದೆಸೆಯಿಂದ ಅವನಿಗೆ ಈ ಊರಿನಲ್ಲಿ ಸ್ನೇಹಿತರು ಸಿಕ್ಕರು, ಇಲ್ಲಿಯ ಭಾಷೆ ಸಿಕ್ಕಿತು, ನನಗೂ ಸಿಕ್ಕಿತು. ಬೋರ್ಡ್ ಪಕ್ಕ ಚಳಿಯಲ್ಲಿ ನಿಂತು, ಫ್ಲಾಸ್ಕಿನ ಕಾಫಿ ಹಂಚಿಕೊಂಡೇ ನಾನು ಸ್ವಿಸ್ ಜರ್ಮನ್ ಕಲಿತದ್ದು. 2024ರಲ್ಲಿ ಪ್ರಾಗ್‌ನಲ್ಲಿ, 2025ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವಿಸ್ ತಂಡ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಸೋತಾಗ ಆ ಅಮ್ಮಂದಿರ ಜೊತೆ ನಾನೂ ಅತ್ತಿದ್ದೇನೆ. ಎರಡು ಸಲವೂ ಬೆಳ್ಳಿ ಗೆದ್ದವರನ್ನು ಹೊಗಳಿ ನೀವು ಭಾಷಣ ಮಾಡಿದಿರಿ. ಚೆನ್ನಾಗಿತ್ತು. ಆ ಭಾಷಣ ಕೇಳುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಈಗ ಬುಧವಾರದ ಅಭ್ಯಾಸಕ್ಕೆ ಐಸ್ ಇಲ್ಲ.

ರಿಂಕಿನ ಬಳಕೆಯ ನಿಯಮ ನಿಮಗೆ ನಾನು ಹೇಳಬೇಕಾಗಿಲ್ಲ, ಬರೆದವರೇ ನೀವು. ವಾರದ ದಿನಗಳ ಸಂಜೆ ಏಳರವರೆಗೆ ಮಕ್ಕಳಿಗೆ ಮೊದಲು, ಬಾಡಿಗೆಯವರಿಗೆ ಆಮೇಲೆ ಅಂತ ಅದರಲ್ಲಿದೆ. ಪಾರ್ಟಿಗಳನ್ನು ಏಳರ ನಂತರ ಇಟ್ಟುಕೊಳ್ಳಲಿ, ಯಾರು ಬೇಡ ಅಂದರು? ಬುಧವಾರ ಐದು ಗಂಟೆಯ ಐಸ್ ಮಕ್ಕಳಿಗೆ ಕೊಡಿ. ಇದರಲ್ಲಿ ಹೊಸ ಖರ್ಚು ಎಲ್ಲಿದೆ?

ಅಕ್ಟೋಬರ್ ಮೊದಲ ವಾರ ರಿಂಕ್ ತೆರೆಯುತ್ತದೆ. ಅದಕ್ಕೆ ಮುಂಚೆ ವೇಳಾಪಟ್ಟಿ ಅಂಟಿಸುತ್ತೀರಿ. ಬುಧವಾರ, ಐದು ಗಂಟೆ, ಎರಡನೇ ಗುಂಪು ಅಂತ ಅದರಲ್ಲಿ ಬರೆಸಿ. ಫೆಬ್ರವರಿಯಲ್ಲಿ ರಬ್ಬರ್ ಹಾಸಿನ ಮೇಲೆ ಕೂರಿಸಿದ ಇಪ್ಪತ್ತೆರಡು ಮಕ್ಕಳ ಮುಂದೆ ಆ ದಿನ ನೀವೇ ಬಂದು ನಿಂತು ಸಾರಿ ಕೇಳಿ. ಮಗನ ಸ್ಕೇಟು ಚಿಕ್ಕದಾಗಿದೆ, ಕ್ಲಬ್ಬಿನಲ್ಲಿ ಸೆಕೆಂಡ್ ಹ್ಯಾಂಡ್ ಜೋಡಿಯೊಂದನ್ನು ಹೇಳಿಟ್ಟಿದ್ದೇನೆ. ಕೊಳ್ಳಲೋ ಬೇಡವೋ ಅಂತ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ಎರಡನೇ ಗುಂಪಿನ ಹುಡುಗನೊಬ್ಬನ ಅಮ್ಮ