ಮಂಡಕ್ಕಿಯನ್ನು ಮರೆತ ಆಟ

ಲೇ ದೋಸ್ತಾ,

'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್' ಕಂಪ್ಯೂಟರ್ ಆಟ ಕೊನೆಗೂ ಮುಗಿಸಿದೆ. ಶನಿವಾರ ರಾತ್ರಿ, ಎರಡು ಗಂಟೆ ಆಗಿತ್ತು. ಮುಗಿದ ಕೂಡಲೇ ನಿನಗೆ ಫೋನ್ ಮಾಡಬೇಕು ಅನಿಸಿತು. ಮಾಡಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ.

ಮೊದಲು ಆಟದ ಮಾತು. 2024ರ ಅಕ್ಟೋಬರ್ 31ಕ್ಕೆ ಬಂದ ಆಟ ಇದು. ಇದೇ ಸರಣಿಯ ಹಿಂದಿನ ಆಟ 'ಇನ್‌ಕ್ವಿಸಿಷನ್' ಬಂದದ್ದು 2014ರಲ್ಲಿ. ಹತ್ತು ವರ್ಷ ಕಾದಿದ್ದೇವೆ. ನೋಡೋಕೆ ಚೆಂದ ಇದೆ, ಹೊಡೆದಾಟ ಸಲೀಸಾಗಿದೆ. ಆದರೆ ಶುರುವಿನಲ್ಲೇ ನನಗೆ ಪೆಟ್ಟು ಬಿತ್ತು. ಹಳೆಯ ಆಟಗಳಲ್ಲಿ ನಾವು ಏನೇನು ತೀರ್ಮಾನ ಮಾಡಿದ್ದೆವು ಎಂದು ಇದು ಕೇಳುವುದು ಬರೀ ಮೂರು ಪ್ರಶ್ನೆ. ಮೂರೂ 'ಇನ್‌ಕ್ವಿಸಿಷನ್'ನವು. ಅದಕ್ಕಿಂತ ಹಿಂದಿನದು ಯಾವುದೂ ಇದಕ್ಕೆ ಬೇಡ. ಮೊದಲ ಆಟದಲ್ಲಿ ನಾವೇ ಹೆಸರಿಟ್ಟ ಪಾತ್ರ, ನಮ್ಮ ಮಂಡಕ್ಕಿಯೂ ಬೇಡ.

ನಿನಗೆ ಓರ್ಜಮ್ಮಾರ್ ನೆನಪಿದೆ ಅಲ್ವಾ? 2010, ದಾವಣಗೆರೆಯ ರೂಮು, ಯುಪಿಎಸ್ ಇಲ್ಲದ ಕಂಪ್ಯೂಟರ್. ಕರೆಂಟ್ ಹೋಗುವ ಮೊದಲು ಎಫ್5 ಒತ್ತಿ ಆಟ ಸೇವ್ ಮಾಡುವುದು ನಿನ್ನ ಕೆಲಸ. ಸರಣಿಯ ಮೊದಲ ಆಟ 'ಆರಿಜಿನ್ಸ್'ನಲ್ಲಿ ಆ ನೆಲದಡಿಯ ರಾಜ್ಯಕ್ಕೆ ರಾಜ ಯಾರಾಗಬೇಕು ಎಂದು ನಾವೇ ಹೇಳಬೇಕಿತ್ತು. ಹ್ಯಾರೋಮಾಂಟ್ ಮಾತಿಗೆ ತಪ್ಪದ ಮನುಷ್ಯ. ಬೆಲೆನ್ ಸ್ವಂತ ಅಣ್ಣನನ್ನೇ ಕೊಲ್ಲಿಸಿದವನು. ನಾನು ಹ್ಯಾರೋಮಾಂಟ್ ಅಂದೆ, ಒಳ್ಳೆಯವನು ಅಂದೆ. ನೀನು, "ಒಳ್ಳೆಯವನು ಯಾರಿಗೆ?" ಅಂದೆ. ಅಲ್ಲಿ ಜಾತಿಯಿಲ್ಲದವರ ಮುಖದ ಮೇಲೆ ಗುರುತು ಹಾಕಿರುತ್ತಾರೆ. ಹ್ಯಾರೋಮಾಂಟ್ ಗೆದ್ದರೆ ಹಳೆಯ ಕಟ್ಟಳೆ ಹಾಗೇ ಉಳಿಯುತ್ತದೆ, ಬೆಲೆನ್ ಬಂದರೆ ಅವರಿಗೆ ಸ್ವಲ್ಪ ಉಸಿರಾಡೋಕೆ ಜಾಗ ಸಿಗುತ್ತದೆ. ಇದು ಆಟದ ಕೊನೆಯಲ್ಲಿ ಮಾತ್ರ ಗೊತ್ತಾಗುತ್ತದೆ. ನಿನಗೆ ಮೊದಲೇ ಗೊತ್ತಿತ್ತು. ಆ ರಾತ್ರಿ ನೀನು ನಿಮ್ಮ ಅಜ್ಜನ ವಿಷಯ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಒಂದೇ ರೂಮಿನಲ್ಲಿದ್ದರೂ ಅದು ನನಗೆ ಗೊತ್ತಿರಲಿಲ್ಲ. ಆಟ ಬಾಯಿ ಬಿಡಿಸಿತು.

ಹೊಸ ಆಟಕ್ಕೆ ಆ ಶಕ್ತಿ ಇಲ್ಲ ಕಣೋ. ಟೆವಿಂಟರ್ ಅಂದರೆ ಗುಲಾಮರ ಬೆವರಿನ ಮೇಲೆ ನಿಂತ ಸಾಮ್ರಾಜ್ಯ ಅಂತ ಮೊದಲ ಆಟದಿಂದ ಕೇಳಿಕೊಂಡು ಬಂದಿದ್ದೇವೆ. ಈ ಸಲ ಅದರ ರಾಜಧಾನಿ ಮಿನ್ರಾಥಸ್‌ಗೇ ಹೋಗುತ್ತೇವೆ. ಗುಲಾಮಗಿರಿ ಕಣ್ಣಿಗೆ ಬೀಳುವುದೇ ಅಪರೂಪ. ಜೊತೆಗಾರರೆಲ್ಲ ಒಳ್ಳೆಯವರು, ಜಗಳವಾದರೂ ಬೇಗ ರಾಜಿ. ನಾವು ಆಡುವ ರೂಕ್‌ಗೆ ಒಂದು ಕೆಟ್ಟ ಮಾತು ಆಡಲೂ ಬಿಡುವುದಿಲ್ಲ. ಮೊದಲ ಆಟದಲ್ಲಿ ನಾವು ಅಷ್ಟು ರಾತ್ರಿ ನಿದ್ದೆಗೆಟ್ಟು ಉಳಿಸಿದ ದೇಶ ಫೆರೆಲ್ಡನ್ ಬ್ಲೈಟ್ ಅನ್ನುವ ಪಿಡುಗಿಗೆ ಸಿಕ್ಕಿ ಹಾಳಾಗುತ್ತಿರುವ ಸುದ್ದಿ ಬರೀ ಕಾಗದಗಳಲ್ಲಿ ಬರುತ್ತದೆ. ಓದಿ, ಮುಚ್ಚಿ, ಮುಂದೆ ಹೋಗಬೇಕು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಆಟ ಮುಗಿಸದವರು ಮುಂದಿನದು ಓದಬೇಡಿ.

ಹಳೆಯ ಆಟಗಳಿಂದ ಜೊತೆಗಿದ್ದ ಗೆಳೆಯ ವ್ಯಾರಿಕ್ ಸತ್ತಿದ್ದಾನೆ. ಶುರುವಿನಲ್ಲೇ ಸತ್ತಿರುತ್ತಾನೆ. ರೂಕ್‌ಗೆ ಅದು ಗೊತ್ತಿಲ್ಲ. ಗಾಯಗೊಂಡು ಮಲಗಿದ್ದಾನೆ ಅಂದುಕೊಂಡು ಆಗಾಗ ಹೋಗಿ ಮಾತಾಡಿಸುತ್ತಾನೆ, ಸಲಹೆ ಕೇಳುತ್ತಾನೆ. ಎಲ್ಲವೂ ಮಾಂತ್ರಿಕ ಸೋಲಾಸ್ ರೂಕ್‌ನ ತಲೆಯೊಳಗೆ ಹೂಡಿದ ಮಾಯೆ. ಬೇರೆ ಯಾರೂ ವ್ಯಾರಿಕ್ ಜೊತೆ ಮಾತಾಡಿದ್ದೇ ಇಲ್ಲ ಅನ್ನುವುದು ಕೊನೆಯ ಹತ್ತಿರ ಹೊಳೆಯುತ್ತದೆ. ಇಡೀ ಆಟದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಇದೊಂದೇ.

ಯಾಕೆಂದರೆ ನಾನೂ ಆಟದುದ್ದಕ್ಕೂ ನಿನ್ನ ಜೊತೆ ಮಾತಾಡುತ್ತಿದ್ದೆ. ಪ್ರತಿ ತೀರ್ಮಾನಕ್ಕೂ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ. ನೀನು ಉತ್ತರವನ್ನೂ ಕೊಡುತ್ತಿದ್ದೆ. ಆದರೆ ಉತ್ತರ ಕೊಡುತ್ತಿದ್ದವನಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಟಾರ್ಚು.

ಈಗಿನ ನಿನ್ನನ್ನು ನೋಡಿದ್ದು ಜನವರಿಯಲ್ಲಿ. ಕೆಲಸ ಹೇಗಿದೆ, ಮನೆ ಹೇಗಿದೆ, ಈ ಕಡೆ ಯಾವಾಗ ಬರುತ್ತೀಯ ಅಂತ ಕೇಳಿದೆ. ಕಂಪ್ಯೂಟರ್ ಮಾರಿಬಿಟ್ಟೆ ಅಂದೆ ನೀನು. ನನಗೆ ಸಿಟ್ಟು ಬಂತು. ಆಮೇಲೆ ನೀನು ನಿನ್ನ ಮಗಳ ಕಿವಿ ಆಪರೇಷನ್ ವಿಷಯ ಹೇಳುತ್ತಿದ್ದೆ. ನಾನು ಸುಮ್ನೆ ತಲೆ ಆಡಿಸುತ್ತಾ ಮಾತನ್ನು ಮತ್ತೆ ಆಟಕ್ಕೇ ಎಳೆಯುತ್ತಿದ್ದೆ. ಯಾವ ಕಿವಿ ಅಂತ ಕೂಡ ನನಗೆ ನೆನಪಿಲ್ಲ. ಕೇಳಲೇ ಇಲ್ಲವೋ, ಕೇಳಿ ಮರೆತೆನೋ ಅದೂ ಗೊತ್ತಿಲ್ಲ. ಶನಿವಾರ ಫೋನ್ ಕೈಯಲ್ಲಿ ಹಿಡಿದು ಕೂತಾಗ ಇದೇ ನೆನಪಾಯಿತು. ಅದಕ್ಕೇ ಮಾಡಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು.

ಯಾವ ಕಿವಿ ಅಂತ ಹೇಳು. ಈಗ ಅವಳಿಗೆ ಚೆನ್ನಾಗಿ ಕೇಳಿಸುತ್ತಾ? ಮಂಡಕ್ಕಿಯ ಕಥೆ ಅವಳಿಗೆ ನಾನೇ ಹೇಳುತ್ತೇನೆ, ನೀನು ಹೇಳಿದರೆ ಅರ್ಧದಲ್ಲೇ ನಿಲ್ಲಿಸಿಬಿಡುತ್ತೀಯ. ಟಾರ್ಚು ನನ್ನ ಹತ್ತಿರವೇ ಇದೆ. ಸೆಲ್ ಮಾತ್ರ ಈ ಸಲ ನಿನ್ನದು.

ನಿನ್ನ,
ಎಫ್5 ಮರೆಯುವವನು