ಕಾಲ್ ಸೈನ್ ಬಂದ ಮಗಳಿಗೆ

ಮಗಳೇ,

ಹ್ಯಾಮ್ ರೇಡಿಯೋ ಲೈಸೆನ್ಸ್ ಬಂತು ಅಂತ ನೀನು ಕಳಿಸಿದ ಫೋಟೋ ನೋಡಿ ಮನೆಯಲ್ಲಿ ಎಲ್ಲರಿಗೂ ಖುಷಿ. ಅಜ್ಜಿಗೆ ಮಾತ್ರ ಒಂದೇ ಅನುಮಾನ, ಫೋನ್ ಇರುವಾಗ ಇದೆಲ್ಲ ಯಾಕೆ ಅಂತ. ಈ ಮಳೆಗಾಲದಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ರೂ ಮಲಗಿದಾಗ ಅವರಿಗೆ ಉತ್ತರ ತಾನಾಗೇ ಸಿಗುತ್ತದೆ ಬಿಡು.

ಪರೀಕ್ಷೆಗೆ ಅಂತ ಓಮ್ ನಿಯಮ, ಟ್ರಾನ್ಸಿಸ್ಟರ್, ಆಂಟೆನಾ ಎಲ್ಲ ಓದಿದ್ದೀಯ. ಆದರೆ ರೇಡಿಯೋದಲ್ಲಿ ಹೇಗೆ ಮಾತಾಡಬೇಕು ಅನ್ನುವುದನ್ನು ಪುಸ್ತಕ ಅರ್ಧ ಮಾತ್ರ ಕಲಿಸುತ್ತದೆ. ಇನ್ನರ್ಧ ಹಳೆಯ ಹ್ಯಾಮ್‌ಗಳ, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ, ಹತ್ತಿರ ಬೈಸಿಕೊಂಡೇ ಕಲಿಯಬೇಕು. ನಿನಗೆ ಬೈಗುಳ ಸ್ವಲ್ಪ ಕಡಿಮೆ ಸಿಗಲಿ ಅಂತ ಈ ಪತ್ರ.

ಮೊದಲು ಕಾಲ್ ಸೈನ್, ಅಂದ್ರೆ ರೇಡಿಯೋದಲ್ಲಿ ನಿನ್ನ ಗುರುತು ಹೇಳುವ ಅಕ್ಷರ-ಅಂಕಿಗಳ ಹೆಸರು. ಇಡೀ ಜಗತ್ತಿನಲ್ಲಿ ಅದು ನಿನ್ನೊಬ್ಬಳದೇ. ಶುರುವಿನ ವಿಯು ಕೇಳಿದರೆ ಸಾಕು, ಇದು ಭಾರತದ ಹ್ಯಾಮ್ ಅಂತ ಬ್ರೆಜಿಲ್‌ನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಯಾವ ದೇಶಕ್ಕೆ ಯಾವ ಅಕ್ಷರ ಅಂತ ಹಂಚಿರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಇಳಿಯುವ ವಿಮಾನದ ಮೈಮೇಲೆ ವಿಟಿ ಅಂತ ಬರೆದಿರುತ್ತದಲ್ಲ, ಅದೂ ಇದೇ ಹಂಚಿಕೆಯದ್ದು. ನಿನ್ನದು ರಿಸ್ಟ್ರಿಕ್ಟೆಡ್ ಗ್ರೇಡ್, ಅಂದ್ರೆ ಮೊದಲ ಹಂತದ ಲೈಸೆನ್ಸ್, ಅದಕ್ಕೇ ವಿಯು 3. ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಕಲಿತು ಜನರಲ್ ಗ್ರೇಡ್ ಪಾಸ್ ಮಾಡಿದರೆ ವಿಯು 2. ಅವಸರವೇನಿಲ್ಲ. ಅಂಡಮಾನಿಗೆ ವಿಯು 4, ಲಕ್ಷದ್ವೀಪಕ್ಕೆ ವಿಯು 7. ಅಪರೂಪದ ಈ ಎರಡು ಕಿವಿಗೆ ಬಿದ್ದರೆ ಹ್ಯಾಮ್‌ಗಳು ಊಟ ಬಿಟ್ಟು ಎದ್ದು ಬರುತ್ತಾರೆ.

ಮಾತು ಶುರು ಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಕಾಲ್ ಸೈನ್ ಹೇಳಲೇಬೇಕು. ಮಾತು ಉದ್ದವಾದರೆ ನಡುನಡುವೆಯೂ ಹೇಳಬೇಕು. ಅಮೆರಿಕದಲ್ಲಿ 10 ನಿಮಿಷಕ್ಕೆ ಒಮ್ಮೆಯಾದರೂ ಅಂತ ನಿಯಮವಿದೆ. ನೀನು ಅದಕ್ಕಿಂತ ಜಾಸ್ತಿ ಹೊತ್ತು ಬಿಡಬೇಡ. ಹಾಗಂತ ಪ್ರತಿ ವಾಕ್ಯಕ್ಕೂ ಹೇಳುತ್ತಾ ಕೂತರೆ ಕೇಳುವವರಿಗೆ ತಲೆನೋವು. ಯಾರನ್ನಾದರೂ ಕರೆಯುವಾಗ ಮೊದಲು ಅವರ ಕಾಲ್ ಸೈನ್, ಆಮೇಲೆ ನಿನ್ನದು. ತಮ್ಮದು ಕೇಳಿದ ಕೂಡಲೇ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಾರೆ, ಆಗ ನಿನ್ನದು ಸರಿಯಾಗಿ ಕೇಳುತ್ತದೆ. ತಿರುಗುಮುರುಗು ಮಾಡಿದರೆ 'ಯಾರದು, ಇನ್ನೊಮ್ಮೆ ಹೇಳಿ' ಅಂತಲೇ ಅರ್ಧ ಹೊತ್ತು ಕಳೆಯುತ್ತದೆ.

ಸಿಗ್ನಲ್ ವೀಕ್ ಇದ್ದಾಗ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ. ಎಂ ಯಾವುದು, ಎನ್ ಯಾವುದು ಅಂತ ದೇವರಿಗೇ ಗೊತ್ತು. ಅದಕ್ಕೇ ಎಂ ಬದಲು ಮೈಕ್, ಎನ್ ಬದಲು ನವೆಂಬರ್ ಅಂತ ಪ್ರತಿ ಅಕ್ಷರಕ್ಕೂ ಒಂದು ಪದ ಹೇಳುವುದು. ವಿಕ್ಟರ್, ಯೂನಿಫಾರ್ಮ್, ತ್ರೀ ಅಂತ ಬಿಡಿಬಿಡಿಯಾಗಿ ಹೇಳು. ಕೆಲವರು ತಮಾಷೆಗೆ ತಮ್ಮದೇ ಪದ ಹೊಂದಿಸಿಕೊಳ್ಳುತ್ತಾರೆ. ಊರಿನವರ ಜೊತೆ ಸರಿ, ಜಪಾನಿನವರಿಗೆ ಅದು ಅರ್ಥವಾಗಬೇಕಲ್ವಾ?

ರಿಪೀಟರ್, ಅಂದ್ರೆ ನಮ್ಮ ಮಾತು ಹಿಡಿದು ದೂರಕ್ಕೆ ತಿರುಗಿ ಬಿತ್ತರಿಸುವ ಪೆಟ್ಟಿಗೆ, ಅದರ ಮೇಲೆ ಹೊಸಬರು ಎಡವುವುದು ಮಾತಾಡಲು ಒತ್ತುವ ಬಟನ್ ಹತ್ತಿರ. ಒತ್ತುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಒಂದು ಸೆಕೆಂಡ್ ಬಿಡು. ನಿನ್ನ ಸಿಗ್ನಲ್ ಮುಟ್ಟಿ, ಆ ಪೆಟ್ಟಿಗೆ ಎಚ್ಚರವಾಗಿ, ತಿರುಗಿ ಬಿತ್ತರಿಸಲು ಅಷ್ಟು ಹೊತ್ತು ಬೇಕು. ಒತ್ತುತ್ತಲೇ ಮಾತಾಡಿದರೆ ವಿಕ್ಟರ್ ಯೂನಿಫಾರ್ಮ್ ನುಂಗಿಹೋಗಿ ಬರೀ 'ತ್ರೀ' ಅಂತ ಕೇಳುತ್ತದೆ. ತಲೆಯಿಲ್ಲದ ಕಾಲ್ ಸೈನ್! ಮೈಕನ್ನು ಬಾಯಿಗೆ ಅಂಟಿಸಿಕೊಳ್ಳಬೇಡ, ನಾಲ್ಕು ಬೆರಳು ದೂರ ಇರಲಿ. ಕೂಗಬೇಡ, ಕೂಗಿದರೆ ಶಬ್ದ ಒಡೆಯುತ್ತದೆ ಅಷ್ಟೇ. ಇನ್ನೊಬ್ಬರು ಮುಗಿಸಿದ ಮೇಲೂ ಒಂದೆರಡು ಸೆಕೆಂಡ್ ತಡೆದು ಒತ್ತು. ಯಾರಿಗಾದರೂ ತುರ್ತು ಇದ್ದರೆ ಆ ಸಂದಿಯಲ್ಲೇ 'ಬ್ರೇಕ್' ಅಂತ ನುಗ್ಗಬೇಕು.

ನನಗೆ ಸಿಟ್ಟು ಬರುವುದು ಸುಮ್ನೆ ಬಟನ್ ಒತ್ತಿ ಬಿಡುವವರ ಮೇಲೆ. ರಿಪೀಟರ್ ಸಿಗುತ್ತದಾ ಅಂತ ನೋಡಲು ಕಚಕ್ ಅಂತ ಒತ್ತುತ್ತಾರೆ, ಹೆಸರಿಲ್ಲ, ದೆಸೆಯಿಲ್ಲ. ತೋಟದ ಆಚೆ ದಿಬ್ಬದಿಂದ ಯಾರಾದರೂ ಕೂ ಹಾಕಿದರೆ ನಾವು ಕೆಲಸ ಬಿಟ್ಟು ನಿಲ್ಲುತ್ತೇವೆ, ತಿರುಗಿ ಕೂ ಹಾಕುತ್ತೇವೆ. ಆಗ ಅವರು ಮಾತಾಡದೆ ಹೊರಟುಹೋದರೆ ಹೇಗಿರುತ್ತದೆ? ಪರೀಕ್ಷೆ ಮಾಡುವುದಿದ್ದರೆ ಕಾಲ್ ಸೈನ್ ಹೇಳಿ 'ಟೆಸ್ಟಿಂಗ್' ಅನ್ನು. ಮುಗಿಯಿತು.

ಗುಡ್ಡದ ಮೇಲೆ ಹೋದಾಗ ಇನ್ನೂ ಎಚ್ಚರ ಬೇಕು. ನಮ್ಮ 144ರಿಂದ 146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರ ಓಡುತ್ತವೆ, ಅಡ್ಡ ಗುಡ್ಡ ಬಂದರೆ ಅಲ್ಲಿಗೇ ನಿಂತವು. ಈ ತಗ್ಗಿನ ಮನೆಯಿಂದ 5 ವಾಟ್‌ನ ಹ್ಯಾಂಡ್‌ಸೆಟ್ ಪಕ್ಕದ ಊರಿಗೂ ಮುಟ್ಟುವುದಿಲ್ಲ. ಅದೇ ಸೆಟ್ ಹಿಡಿದು 1,343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿದರೆ ಘಟ್ಟದ ಕೆಳಗಿನ ಕರಾವಳಿಯೂ ನಿನ್ನ ಮಾತು ಕೇಳುತ್ತದೆ. ಅಂದ್ರೆ ನೀನು ಹರಟೆ ಹೊಡೆದಷ್ಟು ಹೊತ್ತು ಅಷ್ಟೂ ಊರುಗಳ ಫ್ರೀಕ್ವೆನ್ಸಿ ನಿನ್ನ ಕೈಯಲ್ಲಿ. ಹತ್ತಿದ ಮೇಲೆ ಮೊದಲು ಕೇಳು. ಯಾರೂ ಇಲ್ಲ ಅನ್ನಿಸಿದರೂ 'ಫ್ರೀಕ್ವೆನ್ಸಿ ಖಾಲಿ ಇದೆಯಾ' ಅಂತ ಕಾಲ್ ಸೈನ್ ಸಮೇತ ಕೇಳು. ಆಮೇಲೆ ಮಾತು. ಕಾಲ್ ಸೈನ್ ಹಿಂದೆ 'ಪೋರ್ಟಬಲ್' ಸೇರಿಸಿ ಎಲ್ಲಿದ್ದೀಯ ಅಂತ ಹೇಳಿದರೆ ಕೇಳುವವರಿಗೂ ಖುಷಿ.

ಟ್ರೆಕ್ಕಿಂಗ್‌ನಲ್ಲಿ ಗೆಳತಿಯರು ಸೆಟ್ ಕೇಳುತ್ತಾರೆ, ಕೊಡಬೇಡ. ಅವರಿಗೆ 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಚಿಕ್ಕ ವಾಕಿಟಾಕಿ ಸಾಕು. ಒಬ್ಬರ ಕಾಲ್ ಸೈನ್ ಇನ್ನೊಬ್ಬರು ಹೇಳುವುದು, ಸುಳ್ಳು ಗುರುತು ಕೊಡುವುದು ಜಗತ್ತಿನ ಎಲ್ಲ ಕಡೆಯೂ ನಿಷಿದ್ಧ. ರೇಡಿಯೋದಲ್ಲಿ ವ್ಯಾಪಾರ ಮಾತಾಡುವುದೂ ಇಲ್ಲ, ಹಾಡು ಹಾಕುವುದೂ ಇಲ್ಲ. ಅಡಿಕೆ ಮಂಡಿಯ ವ್ಯವಹಾರ ಇದರಲ್ಲಿ ಕುದುರಿಸುವ ಹಾಗಿಲ್ಲ ಅಂತ ಚಿಕ್ಕಪ್ಪನಿಗೆ ಈಗಲೇ ಹೇಳಿಬಿಡು. ಅವನ ಕಣ್ಣು ಆ ಸೆಟ್ ಮೇಲೆ ಬಿದ್ದಾಗಿದೆ.

2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ರೇಡಿಯೋ ಇಟ್ಟುಕೊಂಡು ಪೋರ್ಟ್ ಬ್ಲೇರ್‌ನಲ್ಲೇ ಇದ್ದರು. ಫೋನ್ ಎಲ್ಲ ಸತ್ತಾಗ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ಅಂಥ ಹೊತ್ತಲ್ಲಿ ಉಳಿದವರಿಗೆ ಒಂದೇ ಕೆಲಸ, ಕೇಳುತ್ತಾ ಇರುವುದು. ಕರೆದರೆ ಮಾತ್ರ ಉತ್ತರ ಕೊಡು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನಡುವೆ ಬಾಯಿ ಹಾಕಿ ಕೆಲಸ ಕೆಡಿಸುವವರೇ ಜಾಸ್ತಿ.

ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ರಿಪೀಟರ್‌ಗೆ ಬಾ. 'ಅಮ್ಮಾ' ಅಂತ ಶುರು ಮಾಡಬೇಡ. ಮೊದಲು ನನ್ನ ಕಾಲ್ ಸೈನ್, ಆಮೇಲೆ ನಿನ್ನದು, ಆಮೇಲೆ ಬೇಕಾದರೆ ಅಮ್ಮ. ಲಾಗ್, ಅಂದ್ರೆ ಯಾರ ಜೊತೆ ಯಾವಾಗ ಮಾತಾಡಿದೆ ಅನ್ನುವ ದಾಖಲೆ, ಬರೆಯುವಾಗ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಬರಿ. ಮುಗಿಸುವಾಗ ಎಲ್ಲರಿಗೂ 73, ಅಂದ್ರೆ ಶುಭಾಶಯ, ಹೇಳು, ನನಗೆ 88, ಅಂದ್ರೆ ಪ್ರೀತಿಯ ಮುತ್ತು, ಹೇಳಿದರೆ ಯಾರೂ ಬೈಯುವುದಿಲ್ಲ. ಮತ್ತೆ, ಹಾಸ್ಟೆಲ್ ತಾರಸಿಯ ಮೇಲೆ ಆಂಟೆನಾ ಕಟ್ಟುವ ಮುಂಚೆ ವಾರ್ಡನ್‌ರನ್ನು ಕೇಳು.

ಅಮ್ಮ