ಉಚಿತ ನೇತ್ರ ಶಿಬಿರದ ಹೊಣೆ ಅಂದೇ ಮುಗಿಯಬಾರದು

ಮಾನ್ಯ ಸಂಪಾದಕರೇ,

ಉಚಿತ ನೇತ್ರ ತಪಾಸಣಾ ಶಿಬಿರಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಎಷ್ಟು ಮಂದಿಯ ಕಣ್ಣು ಪರೀಕ್ಷಿಸಲಾಯಿತು, ಎಷ್ಟು ಕನ್ನಡಕ ವಿತರಿಸಲಾಯಿತು, ಪೊರೆಯ ಶಸ್ತ್ರಚಿಕಿತ್ಸೆಗೆ ಎಷ್ಟು ಹಿರಿಯರು ಆಯ್ಕೆಯಾದರು ಎಂಬ ವಿವರ ಅದರಲ್ಲಿರುತ್ತದೆ. ಆ ಕನ್ನಡಕಗಳಲ್ಲಿ ಎಷ್ಟು ಆರು ತಿಂಗಳ ನಂತರವೂ ಬಳಕೆಯಲ್ಲಿವೆ, ಆಯ್ಕೆಯಾದವರಲ್ಲಿ ಎಷ್ಟು ಮಂದಿ ನಿಜಕ್ಕೂ ಆಸ್ಪತ್ರೆ ತಲುಪಿದರು ಎಂಬ ಲೆಕ್ಕ ಮಾತ್ರ ಸಿಗುವುದು ಅಪರೂಪ. ಬಡ ಮಕ್ಕಳ ಮತ್ತು ವೃದ್ಧರ ಕಣ್ಣಿಗಾಗಿ ಹಣ ಕೊಡುವವರೂ ದುಡಿಯುವವರೂ ಈ ಎರಡನೆಯ ಲೆಕ್ಕವನ್ನೇ ಮುಖ್ಯವೆಂದು ಭಾವಿಸಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿಯ ತೊಂದರೆಯಿದ್ದು, ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಾಗಿತ್ತು ಅಥವಾ ಅದಕ್ಕೆ ಇನ್ನೂ ಚಿಕಿತ್ಸೆ ಸಿಕ್ಕಿಲ್ಲ. ಇದರಲ್ಲಿ ದೊಡ್ಡ ಪಾಲು ಕನ್ನಡಕದಿಂದ ಸರಿಹೋಗುವ ದೋಷಗಳದ್ದು ಮತ್ತು ಪೊರೆಯದ್ದು. ಎರಡಕ್ಕೂ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. ಪೊರೆ ಬಂದ ಕಣ್ಣಿಗೆ ಲಂಡನ್ನಿನ ಹೆರಾಲ್ಡ್ ರಿಡ್ಲೆ ಅವರು ಮೊದಲ ಕೃತಕ ಮಸೂರವನ್ನು ಅಳವಡಿಸಿದ್ದು 1949ರಲ್ಲಿ. ದುಬಾರಿಯಾಗಿದ್ದ ಆ ಮಸೂರವನ್ನು ಮದುರೆಯ ಅರೋಲ್ಯಾಬ್ 1990ರ ದಶಕದಲ್ಲಿ ಅಗ್ಗದ ಬೆಲೆಗೆ ತಯಾರಿಸತೊಡಗಿದ ಮೇಲೆ ಬಡವರಿಗೂ ಅದು ಎಟುಕುವಂತಾಯಿತು. ಇಷ್ಟೆಲ್ಲ ಇದ್ದೂ ಜನ ಕತ್ತಲಲ್ಲಿ ಉಳಿದಿದ್ದರೆ, ಕೊರತೆ ಇರುವುದು ವೈದ್ಯಶಾಸ್ತ್ರದಲ್ಲಲ್ಲ, ಅದನ್ನು ಜನರವರೆಗೆ ತಲುಪಿಸಿ ಅಲ್ಲಿ ನಿಲ್ಲುವಂತೆ ಮಾಡುವ ವ್ಯವಸ್ಥೆಯಲ್ಲಿ.

ಮಕ್ಕಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಹುಟ್ಟಿದಾಗಿನಿಂದ ಮಸುಕಾಗಿಯೇ ನೋಡುತ್ತ ಬಂದ ಮಗು, ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಂಡಿರುವುದರಿಂದ ಯಾರಿಗೂ ದೂರು ಹೇಳುವುದಿಲ್ಲ. ಕಪ್ಪು ಹಲಗೆಯ ಮೇಲಿನದನ್ನು ಬಿಟ್ಟು ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತದೆ. ಓದಿನಲ್ಲಿ ಹಿಂದೆ ಎಂಬ ಹಣೆಪಟ್ಟಿ ಹೊತ್ತುಕೊಳ್ಳುತ್ತದೆ. ಶಿಬಿರಗಳಲ್ಲಿ ನೋಂದಣಿಗೆ ಕೈಜೋಡಿಸುವ ನಾನು ಇಂತಹ ಮಕ್ಕಳನ್ನೂ, ಒಂದೇ ಕಣ್ಣು ಮಸುಕಾಗಿರುವ ಮಕ್ಕಳನ್ನೂ ಕಂಡಿದ್ದೇನೆ. ಈ ಎರಡನೆಯವರನ್ನು ಆರು ಮೀಟರ್ ದೂರದ ಫಲಕದ ಮುಂದೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿದರೆ ಸರಸರನೆ ಅಕ್ಷರ ಓದುತ್ತಾರೆ, ಇನ್ನೊಂದನ್ನು ಮುಚ್ಚಿದ ಕೂಡಲೇ ಕತ್ತು ಓರೆ ಮಾಡಿ, ಮುಚ್ಚಿದ ಅಂಗೈಯ ಬೆರಳ ಸಂದಿಯಿಂದ ಇಣುಕಲು ನೋಡುತ್ತಾರೆ. ಒಂದು ಕಣ್ಣು ಚೆನ್ನಾಗಿರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಿರುವುದಿಲ್ಲ.

ಇಂತಹ ಸೋಮಾರಿ ಕಣ್ಣಿಗೆ ಕನ್ನಡಕವೊಂದನ್ನು ಕೊಟ್ಟರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಆ ಕಣ್ಣಿನಿಂದ ಬರುವ ಮಸುಕು ಚಿತ್ರವನ್ನು ಮಿದುಳು ಕ್ರಮೇಣ ಕಡೆಗಣಿಸುತ್ತದೆ. ಆ ಕಣ್ಣನ್ನು ಮತ್ತೆ ದುಡಿಸಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕುವುದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು. ಸುಮಾರು ಏಳು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು, ವಯಸ್ಸು ಏರಿದಂತೆ ಕಡಿಮೆ. ಒಂದು ದಿನ ಬಂದು ಹೋಗುವ ತಂಡದಿಂದ ಇದು ಆಗದ ಮಾತು. ಸಾಮಾನ್ಯ ಸಮೀಪದೃಷ್ಟಿಯ ಮಗುವಿಗೂ ಬೆಳೆಯುತ್ತಿದ್ದಂತೆ ಪವರ್ ಬದಲಾಗುತ್ತದೆ, ಫ್ರೇಮ್ ಬಿಗಿಯಾಗುತ್ತದೆ, ಕಡ್ಡಿ ಮುರಿಯುತ್ತದೆ, ಸಹಪಾಠಿಗಳ ಹಾಸ್ಯಕ್ಕೆ ಹೆದರಿ ಕನ್ನಡಕ ಚೀಲ ಸೇರುತ್ತದೆ. ಪಶ್ಚಿಮ ಚೀನಾದ 252 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು ಉಚಿತ ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕಗಳು ಸುಧಾರಿಸಿದ್ದನ್ನು ತೋರಿಸಿತು. ಆದರೆ ವರ್ಷದ ಕೊನೆಗೆ ತರಗತಿಗೆ ಹೋಗಿ ನೋಡಿದಾಗ ಅವರಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳು ಮಾತ್ರ ಅದನ್ನು ಹಾಕಿಕೊಂಡಿದ್ದರು. ಕೊಟ್ಟವರು ಮರಳಿ ಹೋಗಿ ನೋಡಿದ್ದರಿಂದ ಇದು ತಿಳಿಯಿತು. ಹಾಗೆ ನೋಡುವವರೇ ಇಲ್ಲದ ಕಡೆ ಏನಾಗುತ್ತಿರಬಹುದು?

ಹಿರಿಯರ ತೊಡಕು ಬೇರೆ ಬಗೆಯದು. ದೃಷ್ಟಿ ಮಂಜಾಗುವುದನ್ನು ಅವರು ವಯಸ್ಸಿನ ಸಹಜ ಧರ್ಮವೆಂದು ಒಪ್ಪಿಕೊಂಡುಬಿಟ್ಟಿರುತ್ತಾರೆ. ಶಸ್ತ್ರಚಿಕಿತ್ಸೆ ಉಚಿತವೆಂದರೂ ಪ್ರಯಾಣದ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ, ಮನೆಯವರಿಗೆ ಹೊರೆಯಾಗುತ್ತೇನೆಂಬ ಸಂಕೋಚ ಅವರನ್ನು ತಡೆಯುತ್ತವೆ. ಜಗತ್ತಿನಲ್ಲಿ ದೃಷ್ಟಿನಷ್ಟ ಅನುಭವಿಸುತ್ತಿರುವವರಲ್ಲಿ ಸುಮಾರು ಶೇ 55ರಷ್ಟು ಮಂದಿ ಮಹಿಳೆಯರಾಗಿರುವುದಕ್ಕೆ ಅವರು ಹೆಚ್ಚು ಕಾಲ ಬದುಕುವುದು ಒಂದು ಕಾರಣವಾದರೆ, ಆಸ್ಪತ್ರೆಗೆ ಕರೆದೊಯ್ಯಬೇಕಾದವರ ಸರದಿಯಲ್ಲಿ ಅಜ್ಜಿಯರು ಕೊನೆಯವರಾಗುವುದು ಇನ್ನೊಂದು.

ಆಪರೇಷನ್ ಆದವರಿಗೂ ಕೆಲವು ವಾರ ಹನಿ ಔಷಧ ತಪ್ಪದೆ ಹಾಕಬೇಕು, ಬಳಿಕ ಕನ್ನಡಕದ ಪವರ್ ನೋಡಬೇಕು. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಸೂರದ ಹಿಂದಿನ ತೆಳುಪದರ ಮಂಜಾಗುತ್ತದೆ. ನೋವಿಲ್ಲದ ಲೇಸರ್ ಚಿಕಿತ್ಸೆಯಿಂದ ಕೆಲವೇ ನಿಮಿಷಗಳಲ್ಲಿ ಸರಿಹೋಗುವ ಇದನ್ನು ಪೊರೆ ಮತ್ತೆ ಬಂತೆಂದು ತಿಳಿದು, ತಮ್ಮ ಹಣೆಬರಹವೆಂದು ಸುಮ್ಮನಾಗುವವರಿದ್ದಾರೆ. ಅವರಿಗೆ ತಿಳಿಹೇಳಲು ಒಬ್ಬರಾದರೂ ಬೇಕಲ್ಲವೇ? ಕಣ್ಣಿನ ನರವನ್ನೇ ಹಾಳುಮಾಡುವ ಗ್ಲಾಕೋಮಾದಲ್ಲಂತೂ ಹೋದ ದೃಷ್ಟಿ ಮರಳುವುದಿಲ್ಲ. ಪತ್ತೆಹಚ್ಚಿ, ನಿತ್ಯ ಹಾಕಬೇಕಾದ ಔಷಧಕ್ಕೆ ದಾರಿ ಮಾಡದೆ ಬಿಟ್ಟರೆ ಆ ತಪಾಸಣೆಯಿಂದ ರೋಗಿಗೆ ಸಿಕ್ಕಿದ್ದು ಚಿಂತೆಯೊಂದೇ.

ಹಳೆಯ ಕನ್ನಡಕಗಳನ್ನು ಸಂಗ್ರಹಿಸಿ ಹಂಚುವವರ ಸದುದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬರ ಪವರ್ ಇನ್ನೊಬ್ಬರಿಗೆ ಹೊಂದುವುದು ಅಪರೂಪ, ವಿಂಗಡಿಸುವ ಶ್ರಮ ಅಪಾರ. ಹತ್ತಿರದ ನೋಟಕ್ಕೆ ಬೇಕಾದ ಸರಳ ಹೊಸ ಚಾಳೀಸೇ ಮೇಲು. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕೆಲಸಗಾರರಿಗೆ ಅಂತಹ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಉತ್ಪಾದಕತೆ ಕನ್ನಡಕ ಸಿಗದವರಿಗಿಂತ ಶೇ 20ಕ್ಕೂ ಮೀರಿ ಹೆಚ್ಚಿತ್ತು.

1976ರಲ್ಲಿ 11 ಹಾಸಿಗೆಗಳಿಂದ ಆರಂಭವಾದ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯು ಶಿಬಿರಗಳನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಯೂ ಅಷ್ಟಕ್ಕೇ ನಿಲ್ಲದೆ, ಹಳ್ಳಿಗಳ ನಡುವೆ ಕಾಯಂ ದೃಷ್ಟಿ ಕೇಂದ್ರಗಳನ್ನು ತೆರೆಯಿತು. ಕಣ್ಣು ಪರೀಕ್ಷಿಸಲು ತರಬೇತಿ ಪಡೆದವರು ಅಲ್ಲಿ ವರ್ಷವಿಡೀ ಇರುತ್ತಾರೆ, ದೂರದ ವೈದ್ಯರು ವಿಡಿಯೊ ಮೂಲಕ ರೋಗಿಯೊಡನೆ ಮಾತನಾಡುತ್ತಾರೆ. ಎಲ್ಲ ಸಂಸ್ಥೆಗಳಿಗೂ ಇದು ಸಾಧ್ಯವಾಗದಿರಬಹುದು. ಆದರೆ ದಾನಿಗಳು ತಮ್ಮ ಹಣದ ಒಂದು ಪಾಲನ್ನು ಮುರಿದ ಫ್ರೇಮ್ ಬದಲಿಸಲು, ಹಿರಿಯರನ್ನು ಕರೆದೊಯ್ದು ಮರಳಿ ಬಿಡಲು, ಮನೆಗೂ ಶಾಲೆಗೂ ಹೋಗಿ ವಿಚಾರಿಸುವ ಕಾರ್ಯಕರ್ತರ ಸಂಬಳಕ್ಕೆ ಮೀಸಲಿಡುವುದು ಖಂಡಿತ ಸಾಧ್ಯ. ತಮ್ಮ ಪತ್ರಿಕೆಯೂ ಶಿಬಿರದ ಸುದ್ದಿ ಪ್ರಕಟಿಸುವಾಗ, ಅದೇ ಸಂಘಟಕರು ಹಿಂದೆ ನಡೆಸಿದ ಶಿಬಿರದ ಫಲಾನುಭವಿಗಳು ಈಗ ಹೇಗಿದ್ದಾರೆ ಎಂದು ವರದಿಗಾರರ ಮೂಲಕ ವಿಚಾರಿಸಿ, ಆ ಉತ್ತರವನ್ನೂ ಸುದ್ದಿಯ ಜೊತೆಗೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬರು